ಸಭೆಯ ಮೊದಲ ನಿಮಿಷ: ಸ್ಥಳೀಯ ಮಂಡಳಿಗಳಲ್ಲಿ ಪ್ರಾರ್ಥನೆಯ ಜಾಗ ಎಲ್ಲಿ?

ಮೂರನೇ ಸಾಲು

ಒಂದು ಸಂಗತಿ ಎರಡು ವಾರಗಳಿಂದ ಮನಸ್ಸನ್ನು ಕೊರೆಯುತ್ತಿದೆ. ಮಂಡಳಿ, ಸಭೆ, ಕಾನೂನು ಇವನ್ನೆಲ್ಲ ಹತ್ತಿರದಿಂದ ಬಲ್ಲವರು ಈ ಚರ್ಚಾ ವೇದಿಕೆಯಲ್ಲಿದ್ದೀರಿ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಉದ್ದವಾದರೆ ಸಹಿಸಿಕೊಳ್ಳಿ.

ನಾನು ದೇವರನ್ನು ನಂಬುವವಳು. ಬೆಳಿಗ್ಗೆ ಪ್ರಾರ್ಥನೆ ಮಾಡದೆ ಯಾವ ಕೆಲಸಕ್ಕೂ ಕೈ ಹಾಕಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ಯಾರೂ ತಪ್ಪು ತಿಳಿಯಬಾರದು.

ಮೊನ್ನೆ ಸ್ಥಳೀಯ ಮಂಡಳಿಯ ಸಾಮಾನ್ಯ ಸಭೆಗೆ ಹೋಗಿದ್ದೆ. ಶಾಲೆಯ ಮುಂದೆ ಮಕ್ಕಳು ರಸ್ತೆ ದಾಟುವ ಜಾಗದಲ್ಲಿ ಬಿಳಿ ಪಟ್ಟೆ ಬಳಿಸಿ, ಒಂದು ಎಚ್ಚರಿಕೆ ಫಲಕ ಹಾಕಿಸಿ ಎಂದು ಕೇಳುವುದಿತ್ತು. ಸಾರ್ವಜನಿಕರಿಗೆಂದು ಇಟ್ಟಿದ್ದ ಕುರ್ಚಿಗಳ ಮೂರನೇ ಸಾಲಿನಲ್ಲಿ ಜಾಗ ಸಿಕ್ಕಿತು. ಪಕ್ಕದಲ್ಲಿ ಒಬ್ಬ ಹಿರಿಯರು, ತೊಡೆಯ ಮೇಲೆ ದಪ್ಪನೆಯ ಕಡತ. ಅಧ್ಯಕ್ಷರು ಬಂದರು, ‘ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥನೆ’ ಎಂದರು. ನಾನು ಎದ್ದೆ. ಆ ಹಿರಿಯರು ಅರ್ಧ ಎದ್ದರು, ಏನೋ ಯೋಚಿಸಿ ಮತ್ತೆ ಕುಳಿತರು. ಪ್ರಾರ್ಥನೆ ಮುಗಿಯುವವರೆಗೂ ಕಡತದ ದಾರವನ್ನು ತೋರುಬೆರಳಿಗೆ ಸುತ್ತುತ್ತಲೇ ಇದ್ದರು. ಬೆರಳ ತುದಿ ಬೆಳ್ಳಗಾಗುವಷ್ಟು ಬಿಗಿಯಾಗಿ ಸುತ್ತಿದ್ದರು. ನನ್ನ ಕಣ್ಣು ಅದರ ಮೇಲೆಯೇ ಇತ್ತು. ದೇವರ ಹೆಸರು ನನ್ನ ಬಾಯಲ್ಲಿತ್ತು, ಮನಸ್ಸಿನಲ್ಲಿ ಇರಲಿಲ್ಲ.

ಮುಕ್ಕಾಲು ಗಂಟೆಯ ನಂತರ ಅವರ ಸರದಿ ಬಂತು. ಮನೆಯ ಹಿಂದಿನ ಚರಂಡಿ ಕಟ್ಟಿಕೊಂಡು ನೀರು ಒಳಗೆ ನುಗ್ಗುತ್ತಿರುವ ದೂರು. ಆದರೆ ಅವರ ಬಾಯಿಂದ ಬಂದ ಮೊದಲ ಮಾತು ಚರಂಡಿಯದ್ದಲ್ಲ. ‘ಸರ್, ನಾನು ಆಗ ಅಗೌರವ ತೋರಿಸಲಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ’ ಎಂದರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಅಧ್ಯಕ್ಷರು ‘ಪರವಾಗಿಲ್ಲ, ಹೇಳಿ’ ಎಂದು ಸೌಜನ್ಯದಿಂದಲೇ ಅಂದರು. ಮಂಡಳಿಯವರು ಕೆಟ್ಟವರಲ್ಲ. ಆದರೂ ಒಬ್ಬ ನಾಗರಿಕ ತನ್ನ ಚರಂಡಿಯ ಬಗ್ಗೆ ಮಾತನಾಡುವ ಮುನ್ನ ತಾನು ಕುಳಿತಿದ್ದಕ್ಕೆ ಸಮಜಾಯಿಷಿ ಕೊಡಬೇಕಾಯಿತು.

ಪ್ರಾರ್ಥನೆ ಬೇಡ ಎಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಹೀಗೇ ನಡೆಯಲಿ ಎಂದೂ ಹೇಳಲಾರೆ. ಬೇರೆ ಕಡೆಗಳಲ್ಲಿ ಇದನ್ನು ಹೇಗೆ ನಿಭಾಯಿಸಿದ್ದಾರೆ? ತಿಳಿದವರು ಹೇಳಿ.

ಹಳೆಯ ಕಡತ

ಮೂರನೇ ಸಾಲು ಅವರೇ, ನಾನು ಒಂದು ಸ್ಥಳೀಯ ಮಂಡಳಿಯ ಕಾರ್ಯದರ್ಶಿಯಾಗಿ ನಿವೃತ್ತನಾದವನು. ಎಷ್ಟೋ ವರ್ಷ ಸಭೆಯ ನಡಾವಳಿ ಬರೆದಿದ್ದೇನೆ. ನೀವು ಕೇಳಿದ್ದು ನಂಬಿಕೆಯ ಪ್ರಶ್ನೆ. ಕಾರ್ಯದರ್ಶಿಯ ಮೇಜಿಗೆ ಬಂದಾಗ ಅದು ಇನ್ನೊಂದು ಪ್ರಶ್ನೆಯಾಗುತ್ತದೆ: ಸಭೆ ಆರಂಭವಾದದ್ದು ಎಷ್ಟು ಗಂಟೆಗೆ?

ನಗಬೇಡಿ. ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ, ಎಣಿಸುವುದು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುವುದು, ತಡವಾಗಿ ಬಂದವರ ಹೆಸರಿನ ಮುಂದೆ ಸಮಯ ನಮೂದಿಸುವುದು, ಎಲ್ಲವೂ ಆ ಒಂದು ಗಳಿಗೆಯ ಮೇಲೆ ನಿಂತಿದೆ. ಪ್ರಾರ್ಥನೆ ಕಾರ್ಯಸೂಚಿಯ ಒಂದನೇ ವಿಷಯವಾಗಿದ್ದರೆ ಅದು ಮಂಡಳಿಯ ಅಧಿಕೃತ ಕಲಾಪ. ನೋಟಿಸ್ ಕೊಟ್ಟು ಸದಸ್ಯರನ್ನು ಕರೆಸಿದ್ದೇ ಅದಕ್ಕೂ ಸೇರಿ ಎಂದಾಯಿತು. ನಮ್ಮಲ್ಲಿ ಒಬ್ಬ ಸದಸ್ಯರು ಪ್ರಾರ್ಥನೆ ಮುಗಿಯುವವರೆಗೆ ಮೊಗಸಾಲೆಯಲ್ಲಿ ನಿಂತಿದ್ದು ಆಮೇಲೆ ಒಳಗೆ ಬರುತ್ತಿದ್ದರು. ನಾನು ನಿಯಮದಂತೆ ಅವರ ಹೆಸರಿನ ಮುಂದೆ ‘ತಡವಾಗಿ ಹಾಜರು’ ಎಂದು ಬರೆಯುತ್ತಿದ್ದೆ. ಎಷ್ಟೋ ತಿಂಗಳು ಹಾಗೆಯೇ ಬರೆದೆ. ಕಟ್ಟಡದೊಳಗೆ ಎಲ್ಲರಿಗಿಂತ ಮೊದಲು ಬಂದಿರುತ್ತಿದ್ದವರು ಅವರೇ. ಕೊನೆಗೆ ಒಂದು ದಿನ ಅವರು ನನ್ನ ಮೇಜಿನ ಹತ್ತಿರ ಬಂದು ‘ನಾನು ಯಾವತ್ತೂ ತಡ ಮಾಡಿಲ್ಲ’ ಎಂದಷ್ಟೇ ಹೇಳಿ ಹೋದರು. ಮುಂದಿನ ಸಭೆಯಿಂದ ಪ್ರಾರ್ಥನೆಯನ್ನು ಸಭೆ ಆರಂಭದ ಸಮಯಕ್ಕಿಂತ ಮೊದಲಿಗೆ ತಂದು, ಹಾಜರಿಯನ್ನು ಅದರ ನಂತರ ತೆಗೆದುಕೊಂಡೆ. ಹಿಂದಿನ ನಡಾವಳಿಗಳಲ್ಲಿ ಆ ‘ತಡ’ ಹಾಗೆಯೇ ಉಳಿದಿದೆ. ಸ್ಥಿರೀಕರಿಸಿದ ನಡಾವಳಿಯನ್ನು ತಿದ್ದಲು ಬರುವುದಿಲ್ಲ.

ಇದೇ ಪ್ರಶ್ನೆ ಇಂಗ್ಲೆಂಡಿನಲ್ಲಿ ಹೈಕೋರ್ಟ್ ಮೆಟ್ಟಿಲು ಹತ್ತಿತ್ತು. ಡೆವನ್ ಪ್ರಾಂತ್ಯದ ಬಿಡೆಫರ್ಡ್ ಎಂಬ ಸಣ್ಣ ಪಟ್ಟಣದ ಮಂಡಳಿ ಅದು. ಅಲ್ಲಿ ಸದಸ್ಯರಾಗಿದ್ದ ಒಬ್ಬರು, ಧರ್ಮವನ್ನು ಸರ್ಕಾರದಿಂದ ಬೇರೆ ಇಡಬೇಕೆನ್ನುವ ರಾಷ್ಟ್ರೀಯ ಸೆಕ್ಯುಲರ್ ಸೊಸೈಟಿಯ ಬೆಂಬಲದೊಂದಿಗೆ ಪ್ರಶ್ನಿಸಿದರು. 2012ರ ಫೆಬ್ರವರಿಯಲ್ಲಿ ತೀರ್ಪು ಬಂತು. ಮಾನವ ಹಕ್ಕುಗಳ ಉಲ್ಲಂಘನೆ ಆಗಿಲ್ಲ ಎಂದೇ ನ್ಯಾಯಾಲಯ ಹೇಳಿತು. ಆದರೆ 1972ರ ಸ್ಥಳೀಯ ಸರ್ಕಾರ ಕಾಯ್ದೆಯ 111ನೇ ಸೆಕ್ಷನ್ ಪ್ರಕಾರ ಅಧಿಕೃತ ಕಲಾಪದ ಭಾಗವಾಗಿ ಪ್ರಾರ್ಥನೆ ನಡೆಸುವ ಅಧಿಕಾರ ಮಂಡಳಿಗೆ ಇಲ್ಲ ಎಂದಿತು. ಸಭೆ ಆರಂಭವಾಗುವ ಮುನ್ನ, ಯಾರನ್ನೂ ಅದಕ್ಕೆಂದು ಕರೆಸದೆ, ಅದೇ ಸಭಾಂಗಣದಲ್ಲಿ ಪ್ರಾರ್ಥಿಸಲು ಅಡ್ಡಿಯಿಲ್ಲ ಎಂದೂ ಹೇಳಿತು. ಸೋತದ್ದು ಪ್ರಾರ್ಥನೆಯಲ್ಲ, ಕಾರ್ಯಸೂಚಿಯ ಒಂದು ಸಾಲು.

ಸರ್ಕಾರ ಸುಮ್ಮನಿರಲಿಲ್ಲ. ಆಗಿನ ಸಚಿವ ಎರಿಕ್ ಪಿಕಲ್ಸ್, ಮಂಡಳಿಗಳಿಗೆ ವಿಶಾಲ ಅಧಿಕಾರ ಕೊಡುವ 2011ರ ಲೋಕಲಿಸಂ ಕಾಯ್ದೆಯ ಭಾಗವನ್ನು ಕೆಲವೇ ದಿನಗಳಲ್ಲಿ ಜಾರಿಗೆ ತಂದರು. 2015ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆಯೂ ಬಂತು. ಈಗ ಅಲ್ಲಿ ಬೇಕೆಂದರೆ ಪ್ರಾರ್ಥನೆಯನ್ನು ಕಲಾಪದಲ್ಲಿ ಸೇರಿಸಿಕೊಳ್ಳಬಹುದು, ಕಡ್ಡಾಯವೇನೂ ಇಲ್ಲ.

ಸಂಜೆಗಂಟೆ

ನಾನು ಪ್ರಾರ್ಥನೆಯ ಪರವಾಗಿ ಮಾತನಾಡುತ್ತೇನೆ. ಯಾರಾದರೂ ಮಾತನಾಡಲೇಬೇಕು.

ಎರಡು ಅವಧಿಗೆ ನಾನೂ ಮಂಡಳಿಯ ಸದಸ್ಯನಾಗಿದ್ದೆ. ಸಭೆಗೆ ಬರುವ ಹೊತ್ತಿಗೆ ನಮ್ಮಲ್ಲಿ ಅರ್ಧ ಜನ ಹೊರಗೆ ಜಗಳವಾಡಿಕೊಂಡು ಬಂದಿರುತ್ತಿದ್ದರು. ಯಾರ ವಾರ್ಡಿಗೆ ಎಷ್ಟು ಹಣ, ಯಾರ ಗುತ್ತಿಗೆದಾರನ ಬಿಲ್ಲು ನಿಂತಿದೆ ಎಂಬುದೇ ತಲೆಯಲ್ಲಿ. ಆ ಒಂದು ನಿಮಿಷದ ಪ್ರಾರ್ಥನೆ ಎಲ್ಲರ ತಲೆಯನ್ನು ಸ್ವಲ್ಪ ಬಗ್ಗಿಸುತ್ತಿತ್ತು. ನನ್ನ ಮೇಲೆ ಇನ್ನೊಬ್ಬನಿದ್ದಾನೆ, ಈ ಕುರ್ಚಿ ನನ್ನಪ್ಪನ ಆಸ್ತಿಯಲ್ಲ ಎಂಬ ನೆನಪು ಅಧಿಕಾರದಲ್ಲಿ ಇರುವವನಿಗೆ ಬೇಡವೇ? ಅದಿಲ್ಲದೆ ನಡೆದ ಸಭೆಗಳನ್ನೂ ನೋಡಿದ್ದೇನೆ. ಕುಳಿತ ಕೂಡಲೇ ಮೇಜು ಗುದ್ದುವುದರಿಂದ ಶುರುವಾಗುತ್ತಿತ್ತು.

ಬೇರೆ ಬೇರೆ ನಂಬಿಕೆಯವರು ಒಟ್ಟಿಗೆ ಪ್ರಾರ್ಥಿಸಲಾರರು ಎಂಬ ಮಾತು ಹೊಸದಲ್ಲ. 1774ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ವಸಾಹತುಗಳ ಪ್ರತಿನಿಧಿಗಳು ಮೊದಲ ಸಲ ಸೇರಿದಾಗ ಜಾನ್ ಜೇ ಮತ್ತು ಜಾನ್ ರಟ್ಲೆಜ್ ಇದೇ ಆಕ್ಷೇಪ ಎತ್ತಿದರು. ನಮ್ಮಲ್ಲಿ ನಾನಾ ಪಂಥದವರಿದ್ದೇವೆ, ಒಂದೇ ಪ್ರಾರ್ಥನೆ ಹೇಗೆ ಎಂದರು. ಆಗ ಸ್ಯಾಮ್ಯುಯೆಲ್ ಆಡಮ್ಸ್ ಎದ್ದು, ತಾನು ಮತಾಂಧನಲ್ಲ, ದೇಶದ ಹಿತ ಬಯಸುವ ಯಾವ ಸಜ್ಜನನ ಪ್ರಾರ್ಥನೆಯನ್ನಾದರೂ ಕೇಳಬಲ್ಲೆ ಎಂಬ ಅರ್ಥದ ಮಾತಾಡಿದರು. ತಮ್ಮದಲ್ಲದ ಪಂಥದ ಪಾದ್ರಿ ಜೇಕಬ್ ಡುಶೆ ಅವರ ಹೆಸರನ್ನು ತಾವೇ ಸೂಚಿಸಿದರು. ಆ ಪಾದ್ರಿ ಬೈಬಲ್ಲಿನ 35ನೇ ಕೀರ್ತನೆ ಓದಿದರು. ಅಂಥ ಉದಾರತೆ ನಮ್ಮಿಂದ ಸಾಧ್ಯವಿಲ್ಲವೇ? ಆ ಹಿರಿಯರು ಕುಳಿತಿದ್ದರೆ ಕುಳಿತಿರಲಿ. ಯಾರೂ ಅವರನ್ನು ಗದರಿಸಲಿಲ್ಲವಲ್ಲ.

ನೇರ ನುಡಿ

ಸಂಜೆಗಂಟೆ ಅವರೇ, ಆ ಕಥೆಯ ಉಳಿದ ಅರ್ಧವನ್ನೂ ಹೇಳಿ. ಅದೇ ಡುಶೆ 1777ರಲ್ಲಿ ಜಾರ್ಜ್ ವಾಷಿಂಗ್ಟನ್ ಅವರಿಗೆ ಪತ್ರ ಬರೆದು, ಸ್ವಾತಂತ್ರ್ಯ ಘೋಷಣೆಯನ್ನು ಹಿಂತೆಗೆದುಕೊಳ್ಳುವಂತೆ ಮಾಡಿ ಎಂದು ಒತ್ತಾಯಿಸಿದರು. ಪ್ರಾರ್ಥನೆ ಯಾರ ಮನಸ್ಸನ್ನೂ ಗಟ್ಟಿ ಮಾಡುವ ಖಾತರಿ ಕೊಡುವುದಿಲ್ಲ.

ಇನ್ನೊಂದು. 1787ರ ಜೂನ್ 28ರಂದು, ಅಮೆರಿಕದ ಸಂವಿಧಾನ ರಚಿಸುವ ಸಭೆ ಜಗಳದಲ್ಲಿ ಸಿಕ್ಕಿಕೊಂಡಿದ್ದಾಗ, ಬೆಂಜಮಿನ್ ಫ್ರಾಂಕ್ಲಿನ್ ಪ್ರತಿದಿನ ಪ್ರಾರ್ಥನೆಯಿಂದ ಆರಂಭಿಸೋಣ ಎಂದು ಸೂಚಿಸಿದರು. ಸಭೆ ಅದನ್ನು ಮತಕ್ಕೆ ಹಾಕದೆಯೇ ಎದ್ದಿತು. ಪ್ರಾರ್ಥನೆಯಿಲ್ಲದೆಯೇ ಆ ಸಂವಿಧಾನ ಸಿದ್ಧವಾಯಿತು. ಭಾರತದ ಸಂವಿಧಾನ ಸಭೆಯಲ್ಲಿ 1949ರ ಅಕ್ಟೋಬರ್ 17ರಂದು ಎಚ್.ವಿ. ಕಾಮತ್ ಅವರು ಪ್ರಸ್ತಾವನೆಯನ್ನು ‘ದೇವರ ಹೆಸರಿನಲ್ಲಿ’ ಎಂದು ಆರಂಭಿಸಬೇಕು ಎಂದು ತಿದ್ದುಪಡಿ ಮಂಡಿಸಿದರು. ಪರವಾಗಿ 41, ವಿರುದ್ಧ 68. ವಿರುದ್ಧ ಮತ ಹಾಕಿದವರೆಲ್ಲ ನಾಸ್ತಿಕರಾಗಿರಲಿಲ್ಲ. ನಂಬಿಕೆಯ ವಿಷಯದಲ್ಲಿ ಬಲವಂತ ಸಲ್ಲದು ಎಂದು ಪಟ್ಟಂ ತಾಣು ಪಿಳ್ಳೆ ಅಂಥವರು ಹೇಳಿದರು. ಅವರು ಸ್ವತಃ ದೇವರನ್ನು ನಂಬುವವರೇ.

‘ಯಾರೂ ಗದರಿಸಲಿಲ್ಲವಲ್ಲ’ ಎಂದಿರಿ. ಗದರಿಸದೆಯೇ ಆ ಮನುಷ್ಯ ಕ್ಷಮೆ ಕೇಳಿದ್ದಾರೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಕಾನೂನು ವಿದ್ಯಾರ್ಥಿನಿ

ಆ ‘ಗದರಿಸದೆಯೇ’ ಎಂಬ ಒಂದು ಪದದ ಮೇಲೆ ಅಮೆರಿಕದ ಸುಪ್ರೀಂ ಕೋರ್ಟ್ ನಾಲ್ಕು–ಐದಾಗಿ ಒಡೆದಿದೆ. ಟೌನ್ ಆಫ್ ಗ್ರೀಸ್ ವಿರುದ್ಧ ಗ್ಯಾಲೊವೇ ಪ್ರಕರಣ, 2014ರ ಮೇ 5ರ ತೀರ್ಪು. ನಾನು ಇದನ್ನು ಪಾಠಕ್ಕೆಂದು ಓದಿದಾಗ ಇಷ್ಟು ಹತ್ತಿರದ್ದು ಅನ್ನಿಸಿರಲಿಲ್ಲ. ಮೂರನೇ ಸಾಲು ಅವರ ಬರಹ ಓದಿದ ಮೇಲೆ ಮತ್ತೆ ತೆಗೆದು ನೋಡಿದೆ.

ಗ್ರೀಸ್ ಎಂಬುದು ನ್ಯೂಯಾರ್ಕ್ ರಾಜ್ಯದಲ್ಲಿ, ರೋಚೆಸ್ಟರ್ ನಗರದ ಮಗ್ಗುಲಲ್ಲಿರುವ ಪಟ್ಟಣ. ಅಲ್ಲಿನ ಮಂಡಳಿಯ ತಿಂಗಳ ಸಭೆ ಮೊದಲು ಒಂದು ಗಳಿಗೆಯ ಮೌನದಿಂದ ಆರಂಭವಾಗುತ್ತಿತ್ತು. 1999ರಲ್ಲಿ ಮೌನವನ್ನು ಬಿಟ್ಟು, ಊರಿನ ಪಾದ್ರಿಗಳನ್ನು ಸರದಿಯಂತೆ ಕರೆಸಿ ಪ್ರಾರ್ಥನೆ ಹೇಳಿಸತೊಡಗಿದರು. 2007ರವರೆಗೆ ಬಂದವರೆಲ್ಲರೂ ಕ್ರೈಸ್ತರೇ. ಇಬ್ಬರು ಮಹಿಳೆಯರು ಆಕ್ಷೇಪಿಸಿದ ಮೇಲೆ 2008ರಲ್ಲಿ ಒಬ್ಬ ಯಹೂದಿ, ಒಬ್ಬ ಬಹಾಯಿ, ಪ್ರಕೃತಿಯನ್ನು ಪೂಜಿಸುವ ವಿಕ್ಕನ್ ಪಂಥದ ಒಬ್ಬ ಅರ್ಚಕಿ ಪ್ರಾರ್ಥನೆ ಹೇಳಿದರು. ಆಮೇಲೆ ಮತ್ತೆ ಹಳೆಯ ದಾರಿಯೇ.

ನ್ಯಾಯಾಲಯ 5–4ರಲ್ಲಿ ಪಟ್ಟಣದ ಪರವಾಗಿ ನಿಂತಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಕೆನಡಿ ಅವರ ವಾದ ಹೀಗೆ: ಶಾಸನ ಸಭೆಗಳಲ್ಲಿ ಪ್ರಾರ್ಥನೆ ಅಲ್ಲಿನ ಹಳೆಯ ಸಂಪ್ರದಾಯ. 1983ರಲ್ಲಿ ನೆಬ್ರಾಸ್ಕಾ ರಾಜ್ಯದ ಶಾಸನ ಸಭೆಯ ಪ್ರಕರಣದಲ್ಲಿ, ಸರ್ಕಾರಿ ಸಂಬಳದ, ಪ್ರೆಸ್ಬಿಟೇರಿಯನ್ ಎಂಬ ಕ್ರೈಸ್ತ ಪಂಥದ ಒಬ್ಬನೇ ಪಾದ್ರಿ 16 ವರ್ಷ ಪ್ರಾರ್ಥನೆ ನಡೆಸಿದ್ದನ್ನೂ ನ್ಯಾಯಾಲಯ ಎತ್ತಿಹಿಡಿದಿತ್ತು. ಇಲ್ಲಿ ಬರುವವರು ವಯಸ್ಕರು. ಮನಸ್ಸಿಗೆ ನೋವಾದ ಮಾತ್ರಕ್ಕೆ ಬಲವಂತವಾಯಿತು ಎನ್ನಲಾಗದು. ಬೇಡವಾದವರು ಹೊರಗೆ ಹೋಗಬಹುದು, ತಡವಾಗಿ ಬರಬಹುದು. ಆದರೆ ಮಂಡಳಿಯ ಸದಸ್ಯರೇ ಜನರಿಗೆ ಭಾಗವಹಿಸಿ ಎಂದು ಸೂಚಿಸಿದ್ದರೆ, ಒಪ್ಪದವರನ್ನು ಬೇರೆಯಾಗಿ ಗುರುತಿಸಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದೂ ಅವರು ಹೇಳಿದ್ದಾರೆ. ನಿಮ್ಮ ಸಭೆಯಲ್ಲಿ ‘ಎಲ್ಲರೂ ಎದ್ದು ನಿಲ್ಲಿ’ ಎಂದದ್ದು ಅಧ್ಯಕ್ಷರೇ ಎಂಬುದನ್ನು ಗಮನಿಸಿ.

ಭಿನ್ನಮತ ಬರೆದ ನ್ಯಾಯಮೂರ್ತಿ ಕೇಗನ್ ನೆಬ್ರಾಸ್ಕಾ ತೀರ್ಪನ್ನು ವಿರೋಧಿಸಲಿಲ್ಲ. ಅಲ್ಲಿ ಪಾದ್ರಿ ಪ್ರಾರ್ಥಿಸಿದ್ದು ಶಾಸಕರಿಗಾಗಿ, ಅವರತ್ತ ಮುಖ ಮಾಡಿ. ಗ್ರೀಸ್ ಪಟ್ಟಣದಲ್ಲಿ ಪಾದ್ರಿ ಮಂಡಳಿಗೆ ಬೆನ್ನು ಮಾಡಿ, ಅರ್ಜಿ ಹಿಡಿದು ಬಂದ ಜನರತ್ತ ಮುಖ ಮಾಡಿ ನಿಲ್ಲುತ್ತಿದ್ದರು. ಆಕೆ ಒಬ್ಬ ಮುಸ್ಲಿಂ ನಾಗರಿಕಳನ್ನು ಕಲ್ಪಿಸಿಕೊಳ್ಳುತ್ತಾರೆ. ಅಪಾಯದ ತಿರುವಿನಲ್ಲಿ ಸಂಚಾರ ದೀಪ ಬೇಕು ಎಂದೋ, ಮನೆ ವಿಸ್ತರಿಸಲು ಅನುಮತಿ ಬೇಕು ಎಂದೋ ಕೇಳಲು ಬಂದವಳು. ಎದ್ದು ತನ್ನದಲ್ಲದ ಪ್ರಾರ್ಥನೆಗೆ ತಲೆ ಬಾಗಿಸಬೇಕೇ? ಹೊರಗೆ ನಡೆಯಬೇಕೇ? ಯಾವುದನ್ನು ಮಾಡಿದರೂ, ಇನ್ನೈದು ನಿಮಿಷದಲ್ಲಿ ತನ್ನ ಅರ್ಜಿಯ ಮೇಲೆ ತೀರ್ಮಾನ ಮಾಡುವವರ ಕಣ್ಣೆದುರಿಗೇ ಮಾಡಬೇಕು.

ಸಂಸತ್ತಿಗೂ ಸ್ಥಳೀಯ ಮಂಡಳಿಗೂ ಇರುವ ವ್ಯತ್ಯಾಸ ಇದು. ಸಂಸತ್ತಿನಲ್ಲಿ ನಾವು ಗ್ಯಾಲರಿಯಲ್ಲಿ ಕುಳಿತು ನೋಡುವವರು. ಮಂಡಳಿಯಲ್ಲಿ ನಾವು ಎದುರು ನಿಂತು ಕೇಳುವವರು.

ಹಳೆಯ ಕಡತ

ಬಹಳ ಚೆನ್ನಾಗಿ ಬಿಡಿಸಿ ಹೇಳಿದಿರಿ. ಗ್ಯಾಲರಿಯ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಪ್ರತಿ ಕಲಾಪವೂ ಪ್ರಾರ್ಥನೆಯಿಂದಲೇ ಆರಂಭವಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಸಾರ್ವಜನಿಕರನ್ನು ಗ್ಯಾಲರಿಗೆ ಬಿಡುವುದಿಲ್ಲ, ಪ್ರಸಾರವೂ ಇಲ್ಲ. ಸದಸ್ಯರು ತಮ್ಮ ಬೆಂಚುಗಳ ಹಿಂದಿನ ಗೋಡೆಯತ್ತ ತಿರುಗಿ ನಿಲ್ಲುತ್ತಾರೆ. ಪ್ರಾರ್ಥನೆ ಸದಸ್ಯರದ್ದು, ಜನರ ಎದುರಿಗೆ ನಡೆಯುವುದಲ್ಲ ಎಂಬ ವ್ಯವಸ್ಥೆ.

ಸಂಜೆಗಂಟೆ

ಬಾಗಿಲು ಮುಚ್ಚಿ ಪ್ರಾರ್ಥಿಸುತ್ತಾರೆ ಎಂಬುದು ನನಗೆ ತಿಳಿದಿರಲಿಲ್ಲ. ಯೋಚಿಸಬೇಕಾದ ವಿಷಯ.

ಆದರೂ ಒಂದು ಮಾತು. ಬಾಗಿಲ ಹೊರಗೆ ಇಟ್ಟರೆ ನಿಧಾನವಾಗಿ ಮರೆತೇ ಹೋಗುತ್ತದೆ ಎಂಬ ಅಂಜಿಕೆ ನನಗಿದೆ. ಇವತ್ತು ಸಭೆಗೆ ಮುನ್ನ, ನಾಳೆ ಪಕ್ಕದ ಕೋಣೆಯಲ್ಲಿ, ನಾಡಿದ್ದು ಯಾರೂ ಬರುವುದಿಲ್ಲ. ನಂಬಿಕೆಯಿರುವವನಿಗೆ ಇದು ಸಣ್ಣ ನಷ್ಟವಲ್ಲ. ನೇರ ನುಡಿ ಅವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂದು ಕೇಳಿಕೊಳ್ಳುತ್ತೇನೆ. ಎಲ್ಲರಿಗೂ ಸರದಿ ಕೊಡೋಣ, ಎಲ್ಲ ನಂಬಿಕೆಯವರೂ ಬರಲಿ. ಸ್ಕಾಟ್ಲೆಂಡಿನ ಸಂಸತ್ತಿನಲ್ಲಿ 1999ರಿಂದ ವಾರಕ್ಕೊಮ್ಮೆ ‘ಚಿಂತನೆಯ ಸಮಯ’ ಎಂದು ಇದೆ. ಬೇರೆ ಬೇರೆ ಧರ್ಮದವರೂ, ಯಾವ ಧರ್ಮವನ್ನೂ ಒಪ್ಪದವರೂ ಬಂದು ಕೆಲವು ನಿಮಿಷ ಮಾತನಾಡುತ್ತಾರೆ. ಅದು ಸುಂದರವಾಗಿಲ್ಲವೇ?

ಆಚೆ ದಡ

ಸಂಜೆಗಂಟೆ ಸರ್, ಸರದಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಇರುವ ಕಡೆ ನಮ್ಮ ಸಮುದಾಯ ಚಿಕ್ಕದು. ಒಮ್ಮೆ ಮಂಡಳಿಯವರು ಬಹಳ ಪ್ರೀತಿಯಿಂದ ನನ್ನನ್ನು ಪ್ರಾರ್ಥನೆ ಹೇಳಲು ಕರೆದರು. ಹೋದೆ. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಆದರೆ ವೇದಿಕೆಯ ಮೇಲೆ ನಿಂತಾಗ ನಾಲ್ಕು ಸಾಲನ್ನು ಎರಡಕ್ಕೆ ಇಳಿಸಿದೆ. ನಮ್ಮ ದೇವರ ಹೆಸರನ್ನು ನುಂಗಿ ‘ಎಲ್ಲರನ್ನೂ ಕಾಯುವ ಶಕ್ತಿ’ ಎಂದೆ. ಎದುರಿಗೆ ಕುಳಿತವರ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಕುತೂಹಲ ಇತ್ತು ಅಷ್ಟೆ. ಆ ಕುತೂಹಲವೇ ನನ್ನನ್ನು ಕುಗ್ಗಿಸಿತು. ಮನೆಗೆ ಬಂದು, ಚೀಟಿಯಲ್ಲಿ ಉಳಿದುಹೋದ ಎರಡು ಸಾಲನ್ನು ಒಬ್ಬನೇ ಕುಳಿತು ಹೇಳಿದೆ. ಪ್ರಾರ್ಥನೆ ಆದದ್ದು ಆಗ.

ಸರದಿಯಲ್ಲಿ ಇನ್ನೊಂದು ತೊಡಕಿದೆ. ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಹೇಳಿದ ಮೇಲೆ ಯಾರು ಬಂದರೂ ಬಿಡಬೇಕು. ಅಮೆರಿಕದ ಫೀನಿಕ್ಸ್ ನಗರದಲ್ಲಿ 2016ರಲ್ಲಿ ಸೈತಾನನ ಹೆಸರಿಟ್ಟುಕೊಂಡ ಸಟಾನಿಕ್ ಟೆಂಪಲ್ ಎಂಬ ಸಂಘಟನೆಯವರು ನಿಯಮದಂತೆ ತಮ್ಮ ಸರದಿ ಕೇಳಿ ಪಡೆದರು. ಊರೆಲ್ಲ ಗದ್ದಲವಾಗಿ, ಮಂಡಳಿ ಪ್ರಾರ್ಥನೆಯನ್ನೇ ಬಿಟ್ಟು ಮೌನಕ್ಕೆ ಬದಲಾಯಿಸಿತು. ಒಂದೇ ತಿಂಗಳಲ್ಲಿ ಮತ್ತೆ ಮನಸ್ಸು ಬದಲಿಸಿ, ಪೊಲೀಸ್ ಮತ್ತು ಅಗ್ನಿಶಾಮಕ ಇಲಾಖೆಗಳ ಪಾದ್ರಿಗಳು ಮಾತ್ರ ಪ್ರಾರ್ಥನೆ ಹೇಳಬಹುದು ಎಂದು ನಿರ್ಣಯಿಸಿತು. ಫ್ಲಾರಿಡಾದ ಬ್ರೆವಾರ್ಡ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ದೇವರನ್ನು ನಂಬದವರಿಗೆ ಸರದಿ ಇಲ್ಲ ಎಂದರು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಸಂವಿಧಾನಬಾಹಿರ ಎಂದಿತು.

ಯಾರಿಗೆ ಸರದಿ ಕೊಡಬೇಕು, ಯಾವುದು ಧರ್ಮ, ಯಾವುದು ಅಲ್ಲ ಎಂದು ತೀರ್ಮಾನಿಸುವ ಕೆಲಸ ಕೊನೆಗೆ ಮಂಡಳಿಯ ಗುಮಾಸ್ತರ ಮೇಜಿಗೆ ಬರುತ್ತದೆ. ಜನನ ಪ್ರಮಾಣಪತ್ರ ಕೊಡುವ ಮೇಜಿನಲ್ಲಿ ಆ ಕೆಲಸ ನಡೆಯಬಾರದು, ಸರ್.

ಕಾನೂನು ವಿದ್ಯಾರ್ಥಿನಿ

ಆಚೆ ದಡ ಅವರೇ, ಆ ಎರಡು ಸಾಲಿನ ಮಾತು ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ.

ಸದಸ್ಯರೇ ಪ್ರಾರ್ಥನೆ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಪ್ರಕರಣಗಳಿವೆ. ಎರಡೂ 2017ರವು. ಉತ್ತರ ಕೆರೊಲಿನಾದ ರೋವನ್ ಕೌಂಟಿಯಲ್ಲಿ ಕಮಿಷನರುಗಳೇ ಸರದಿಯಂತೆ ಜನರಿಗೆ ಎದ್ದು ನಿಲ್ಲಲು ಹೇಳಿ ಪ್ರಾರ್ಥನೆ ನಡೆಸುತ್ತಿದ್ದರು. ಅವುಗಳಲ್ಲಿ 97 ಶೇಕಡಾ ಒಂದೇ ಧರ್ಮದವು. ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಮಿಷಿಗನ್‌ನ ಜಾಕ್ಸನ್ ಕೌಂಟಿಯಲ್ಲೂ ಹೆಚ್ಚು ಕಡಿಮೆ ಅದೇ ಪದ್ಧತಿ, ಆದರೆ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಸರಿ ಎಂದಿತು. ಅಲ್ಲಿ ಆಕ್ಷೇಪ ಎತ್ತಿದ ನಾಗರಿಕರು ಮಾತನಾಡಲು ಎದ್ದಾಗ ಒಬ್ಬ ಸದಸ್ಯ ಕುರ್ಚಿ ತಿರುಗಿಸಿ ಬೆನ್ನು ತೋರಿಸಿದ್ದ ಎಂಬುದು ಅವರ ದೂರಿನಲ್ಲಿತ್ತು. ಎರಡು ನ್ಯಾಯಾಲಯಗಳು ಎರಡು ದಾರಿ ಹಿಡಿದರೂ 2018ರಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.

ಆರನೇ ವಾರ್ಡ್

ನಾನು ಹಾಲಿ ಸದಸ್ಯೆ. ಹಾಗಾಗಿ ಹೆಸರು ಬೇಡ.

ಹಳೆಯ ಕಡತ ಸರ್ ಹೇಳಿದ ದಾರಿಯಲ್ಲಿ, ಅಂದರೆ ಸಭೆ ಆರಂಭಕ್ಕೆ ಮುನ್ನ ಪ್ರಾರ್ಥನೆ ಎಂಬುದರಲ್ಲಿ, ಒಂದು ಅಪಾಯವಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸಾಗ್ನೇ ನಗರದ ಪ್ರಕರಣವನ್ನು ನಮ್ಮ ಮಂಡಳಿಯಲ್ಲಿ ಇದೇ ಚರ್ಚೆ ಬಂದಾಗ ಓದಿದ್ದೆ. ಅಲ್ಲಿ ಮೇಯರ್ ಜಾನ್ ಟ್ರಾಂಬ್ಲೆ ಸಭೆಗೆ ಮುನ್ನ ಶಿಲುಬೆಯ ಗುರುತು ಮಾಡಿ ಪ್ರಾರ್ಥನೆ ಹೇಳುತ್ತಿದ್ದರು. ಇಪ್ಪತ್ತು ಸೆಕೆಂಡಿನಷ್ಟು ಅಷ್ಟೆ. ಸಭೆಗಳಿಗೆ ಬರುತ್ತಿದ್ದ ಒಬ್ಬ ನಾಸ್ತಿಕ ನಿವಾಸಿ ದೂರು ಕೊಟ್ಟರು. ನಗರಸಭೆ 2008ರಲ್ಲಿ ಒಂದು ಬೈಲಾ ಮಾಡಿತು: ಪ್ರಾರ್ಥನೆ ಮುಗಿದ ಎರಡು ನಿಮಿಷದ ನಂತರ ಸಭೆ ಅಧಿಕೃತವಾಗಿ ಆರಂಭವಾಗುತ್ತದೆ, ಬೇಡವಾದವರು ಆ ಎರಡು ನಿಮಿಷದಲ್ಲಿ ಒಳಗೆ ಬರಲಿ.

ಕೇಳಲು ನ್ಯಾಯವಾಗಿಯೇ ಇದೆ. ಆದರೆ 2015ರ ಏಪ್ರಿಲ್ 15ರಂದು ಕೆನಡಾದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸರ್ಕಾರ ಯಾವ ಧರ್ಮದ ಪರವೂ ನಿಲ್ಲಬಾರದು, ಯಾವುದರ ವಿರುದ್ಧವೂ ನಿಲ್ಲಬಾರದು ಎಂದಿತು. ಆ ಎರಡು ನಿಮಿಷ ತಾರತಮ್ಯವನ್ನು ಕಡಿಮೆ ಮಾಡುವ ಬದಲು ಹೆಚ್ಚೇ ಮಾಡಿತು ಎಂಬುದು ತೀರ್ಪಿನ ಧಾಟಿ. ಯೋಚಿಸಿ ನೋಡಿ. ಎಲ್ಲರೂ ಒಳಗೆ ಕುಳಿತಿರುವಾಗ ಬಾಗಿಲು ತೆರೆದು ಒಬ್ಬರು ನಡೆದು ಬರುತ್ತಾರೆ. ಅವರು ಏಕೆ ಹೊರಗಿದ್ದರು ಎಂದು ಎಲ್ಲರಿಗೂ ಗೊತ್ತು. ಮೂರನೇ ಸಾಲಿನ ಹಿರಿಯರಿಗೆ ಕುಳಿತದ್ದಕ್ಕೆ ಸಮಜಾಯಿಷಿ ಕೊಡಬೇಕಾಯಿತು, ಇವರಿಗೆ ಒಳಗೆ ಬಂದದ್ದಕ್ಕೆ.

ನಮ್ಮ ಮಂಡಳಿ ಮೌನಕ್ಕೆ ಬಂದು ನಿಂತಿದೆ. ಒಂದು ನಿಮಿಷ, ಕುಳಿತೇ. ಎದ್ದು ನಿಲ್ಲುವುದಿಲ್ಲ, ಅದಕ್ಕಾಗಿ ನಾನು ಹಟ ಹಿಡಿದೆ. ಕುಳಿತಿದ್ದರೆ ಯಾರು ಪ್ರಾರ್ಥಿಸುತ್ತಿದ್ದಾರೆ, ಯಾರು ತಮ್ಮ ಅರ್ಜಿ ನೋಡಿಕೊಳ್ಳುತ್ತಿದ್ದಾರೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಸಂಜೆಗಂಟೆ ಸರ್, ನೀವು ಹೇಳಿದ ಆ ತಲೆ ತಗ್ಗಿಸುವ ಗಳಿಗೆ ಇದರಲ್ಲೂ ಇದೆ. ನಾನು ಆ ನಿಮಿಷದಲ್ಲಿ ಪ್ರಾರ್ಥಿಸುತ್ತೇನೆ, ಪ್ರತಿ ಸಲವೂ.

ನೇರ ನುಡಿ

ಕುಳಿತುಕೊಂಡೇ ಮೌನ. ಇದಕ್ಕೆ ನನ್ನ ಆಕ್ಷೇಪವಿಲ್ಲ. ಸಂಜೆಗಂಟೆ ಅವರಿಗೂ ಒಂದು ಮಾತು: ನಿಮ್ಮ ಅಂಜಿಕೆಯನ್ನು ನಾನು ಹಗುರವಾಗಿ ನೋಡಿದ್ದರೆ ಕ್ಷಮಿಸಿ. ನನಗೆ ನಂಬಿಕೆಯಿಲ್ಲ, ಆದರೆ ನಿಮ್ಮ ನಷ್ಟ ನಿಜವಾದದ್ದು ಎಂದು ಒಪ್ಪುತ್ತೇನೆ.

ಸಂಜೆಗಂಟೆ

ಕ್ಷಮೆಯ ಮಾತು ಬೇಡಪ್ಪ.

ಮೌನ ನನಗೆ ಪೂರ್ತಿ ಸಮಾಧಾನ ತರುವುದಿಲ್ಲ. ಒಟ್ಟಿಗೆ, ಬಾಯಿಬಿಟ್ಟು ಹೇಳುವುದರಲ್ಲಿ ಒಂದು ಬಲವಿದೆ, ಅದು ಮೌನದಲ್ಲಿ ಸಿಗುವುದಿಲ್ಲ. ಆದರೆ ಆಚೆ ದಡ ಅವರು ದೇವರ ಹೆಸರನ್ನು ನುಂಗಿದರು ಎಂದು ಓದಿದ ಮೇಲೆ ನಾನು ಸರದಿಯ ವಾದವನ್ನು ಮುಂದುವರಿಸಲಾರೆ. ನನ್ನ ಅವಧಿಯಲ್ಲಿ ಎಷ್ಟು ಜನ ಹಾಗೆ ನುಂಗಿಕೊಂಡಿದ್ದರೋ, ನಾನು ಕಣ್ಣು ಮುಚ್ಚಿ ನಿಂತಿರುತ್ತಿದ್ದೆ, ನೋಡಲೇ ಇಲ್ಲ. ಸದಸ್ಯರು ಮಾತ್ರ, ಬೇಕಾದವರು ಮಾತ್ರ, ಬೇರೆ ಕೋಣೆಯಲ್ಲಿ ಬಾಯಿಬಿಟ್ಟು ಪ್ರಾರ್ಥಿಸಿ ಬರಲಿ. ಜನರ ಎದುರು ಮೌನ ಇರಲಿ. ಇಷ್ಟರವರೆಗೆ ನಾನು ಬರಬಲ್ಲೆ.

ಮೂರನೇ ಸಾಲು

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಸಂಜೆಗಂಟೆ ಸರ್, ನಿಮ್ಮ ಕೊನೆಯ ಮಾತನ್ನು ಎರಡು ಸಲ ಓದಿದೆ. ನಾನು ಪ್ರಾರ್ಥನೆಯ ಶತ್ರುವಾಗಿಬಿಟ್ಟೆನೇ ಎಂಬ ಅಳುಕು ಇತ್ತು, ಅದು ಇಳಿಯಿತು.

ಆ ಹಿರಿಯರನ್ನು ನಿನ್ನೆ ದಾರಿಯಲ್ಲಿ ಕಂಡೆ. ಚರಂಡಿ ನೋಡಲು ಎಂಜಿನಿಯರ್ ಬಂದು ಹೋದರಂತೆ. ಪ್ರಾರ್ಥನೆಯ ವಿಷಯವನ್ನು ನಾನೇ ಎತ್ತಿದೆ. ಅವರಿಗೆ ಮಂಡಿ ನೋವಿರಬಹುದು ಎಂದೂ ನಾನು ಒಮ್ಮೆ ಅಂದುಕೊಂಡಿದ್ದೆ. ಅದಲ್ಲ. ‘ಅವರ ಪ್ರಾರ್ಥನೆ ನನ್ನದಲ್ಲ. ಎದ್ದರೆ ಸುಳ್ಳು ಹೇಳಿದ ಹಾಗೆ, ಕುಳಿತರೆ ಮರ್ಯಾದೆ ಇಲ್ಲದವನ ಹಾಗೆ. ಮುಂದಿನ ಸಲ ಅರ್ಜಿಯನ್ನು ಅಂಚೆಯಲ್ಲಿ ಕಳಿಸುತ್ತೇನೆ’ ಎಂದರು.

ಅಂಚೆಯಲ್ಲಿ ಕಳಿಸುತ್ತೇನೆ ಎಂದದ್ದು ನನಗೆ ಬಹಳ ನೋವು ತಂದಿತು. ಹಾಗಾಗಿ ಮಂಡಳಿಗೆ ಒಂದು ಮನವಿ ಬರೆದಿದ್ದೇನೆ. ದಯವಿಟ್ಟು ತಿದ್ದಿಕೊಡಿ:

‘ಮಾನ್ಯ ಅಧ್ಯಕ್ಷರೇ, ಸಭೆಯ ಆರಂಭದಲ್ಲಿ ನಡೆಯುವ ಪ್ರಾರ್ಥನೆಯನ್ನು ಬಯಸುವ ಸದಸ್ಯರು ಪ್ರತ್ಯೇಕ ಕೋಣೆಯಲ್ಲಿ ನಡೆಸುವಂತೆಯೂ, ಸಾರ್ವಜನಿಕರ ಉಪಸ್ಥಿತಿಯಲ್ಲಿ ಎಲ್ಲರೂ ಕುಳಿತೇ ಒಂದು ನಿಮಿಷ ಮೌನ ಆಚರಿಸುವಂತೆಯೂ, ಯಾರನ್ನೂ ಎದ್ದು ನಿಲ್ಲುವಂತೆ ಕೋರದಿರುವಂತೆಯೂ ವಿನಂತಿಸುತ್ತೇನೆ. ನಾನು ದೇವರನ್ನು ನಂಬುವವಳು.’

ಕೊನೆಯ ವಾಕ್ಯ ಬೇಕೇ ಬೇಡವೇ ತಿಳಿಯುತ್ತಿಲ್ಲ.

ಆಚೆ ದಡ

ತೆಗೆದುಬಿಡಿ. ನಂಬದವರು ಇದೇ ಅರ್ಜಿ ಕೊಟ್ಟರೂ ಅದು ಇಷ್ಟೇ ತೂಗಬೇಕು.

ಹಳೆಯ ಕಡತ

ಹೌದು, ಆ ವಾಕ್ಯ ತೆಗೆಯಿರಿ. ಇನ್ನು ನನ್ನ ತಿದ್ದುಪಡಿ. ‘ಸಭೆಯ ಆರಂಭದಲ್ಲಿ ನಡೆಯುವ ಪ್ರಾರ್ಥನೆಯನ್ನು’ ಎಂದಷ್ಟೇ ಬಿಟ್ಟರೆ ಅದನ್ನು ಯಾವಾಗ ನಡೆಸಬೇಕು ಎಂಬುದು ಅಸ್ಪಷ್ಟವಾಗಿ ಉಳಿಯುತ್ತದೆ. ‘ಸಭೆ ಆರಂಭವಾಗುವ ಮುನ್ನ, ಹಾಜರಿ ತೆಗೆದುಕೊಳ್ಳುವ ಮೊದಲು’ ಎಂದು ಸೇರಿಸಿ. ಮೊಗಸಾಲೆಯಲ್ಲಿ ನಿಲ್ಲುವ ಸದಸ್ಯರು ನಿಮ್ಮಲ್ಲಿಯೂ ಇರಬಹುದು, ಅವರ ಹೆಸರಿನ ಮುಂದೆ ‘ತಡ’ ಎಂದು ಬೀಳಬಾರದು. ಎರಡು ಪ್ರತಿ ಮಾಡಿ. ಒಂದನ್ನು ಆವಕ ಶಾಖೆಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ದಿನಾಂಕದೊಂದಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸಭೆಗೆ ಏಳು ದಿನ ಇರುವಾಗಲೇ ಕೊಡಿ, ಇಲ್ಲದಿದ್ದರೆ ಕಾರ್ಯಸೂಚಿಗೆ ಸೇರುವುದಿಲ್ಲ.

ಮೂರನೇ ಸಾಲು

ತಿದ್ದಿದೆ, ಸರ್. ಸೋಮವಾರ ಕೊಡುತ್ತೇನೆ. ಆ ಹಿರಿಯರು ತಾವೂ ಜೊತೆಗೆ ಬರುತ್ತೇನೆ ಎಂದಿದ್ದಾರೆ.